ಪಾರ್ಶಿಯಲ್: ಇಷ್ಟವೋ, ಪಕ್ಷಪಾತವೋ?

ಇವತ್ತಿನ ವಾಕ್ಯಭಾಗ ಯಾಕೋಬ 2:1-9.

ಇಂಗ್ಲಿಷಿನ ‘ಪಾರ್ಶಿಯಲ್’ ಅನ್ನೋ ಪದಕ್ಕೆ ಮೂರು ಅರ್ಥ. ‘ಪಾರ್ಶಿಯಲ್ ಟು ಟೀ’ ಅಂದ್ರೆ ಚಹಾ ಬಹಳ ಇಷ್ಟ. ‘ಅಂಪೈರ್ ಪಾರ್ಶಿಯಲ್’ ಅಂದ್ರೆ ಪಕ್ಷಪಾತಿ. ‘ಪಾರ್ಶಿಯಲ್ ಪೇಮೆಂಟ್’ ಅಂದ್ರೆ ಪೂರ್ತಿಯಲ್ಲ, ಒಂದು ಭಾಗ ಮಾತ್ರ.

ಇಷ್ಟಪಡೋದು ಪಾಪವಲ್ಲ. ಯೇಸುವಿಗೂ ಆಪ್ತ ಶಿಷ್ಯನಿದ್ದ (ಯೋಹಾನ 13:23). ಆದರೆ ಆದಿಕಾಂಡ 37ರಲ್ಲಿ ಯಾಕೋಬ ಯೋಸೇಫನೊಬ್ಬನಿಗೇ ವಿಶೇಷ ನಿಲುವಂಗಿ ಮಾಡಿಸಿದ; ಅಣ್ಣಂದಿರಲ್ಲಿ ದ್ವೇಷ ಹುಟ್ಟಿತು. ಶತಮಾನಗಳ ನಂತರ ಅದೇ ಹೆಸರಿನ ಇನ್ನೊಬ್ಬ ಯಾಕೋಬ ಎಚ್ಚರಿಸಿದ: ಚಿನ್ನದುಂಗುರದವನಿಗೆ ಒಳ್ಳೇ ಜಾಗ, ಬಡವನಿಗೆ ಕಾಲ ಬಳಿ ಜಾಗ ಕೊಟ್ಟರೆ ಅದು ಪಾಪ.

ನಾನೇ ಇದರಲ್ಲಿ ತಪ್ಪಿದ್ದೇನೆ. ಬಬಲೇಶ್ವರದ ಪ್ರಾರ್ಥನಾ ಕೂಟಕ್ಕೆ ದ್ರಾಕ್ಷಿ ತೋಟದ ಕೂಲಿ ಮುಗಿಸಿ ಬಂದ ಒಬ್ಬ ಆಯಿ ಕುರ್ಚಿಯಲ್ಲಿ ಕೂತಿದ್ದರು. ಆಮೇಲೆ ಒಬ್ಬರು ಕಾರಿನಲ್ಲಿ ಬಂದರು. ‘ಆಯಿ, ಕೆಳಗ ಕೂಡ್ರಿ’ ಅಂದುಬಿಟ್ಟೆ. ಅವರು ಸುಮ್ಮನೆ ಎದ್ದರು.

ನನ್ನ ಪ್ರೀತಿ ಅವತ್ತು ಪಾರ್ಶಿಯಲ್ ಪೇಮೆಂಟ್. ನಮ್ಮ ಇಷ್ಟ ಇನ್ನೊಬ್ಬರ ಕುರ್ಚಿ ಕಸಿದಾಗಲೇ ಅದು ಪಕ್ಷಪಾತ. ಮುಂದಿನ ವಾರ ಆಯಿಯ ಕ್ಷಮೆ ಕೇಳಿದೆ.

ಈ ಭಾನುವಾರ ನಿಮ್ಮ ಗ್ಯಾಂಗ್ ಬಿಟ್ಟು, ಒಬ್ಬಂಟಿಯಾಗಿ ಕೂತವರ ಪಕ್ಕ ಕೂಡ್ರಿ. ಆಮೆನ್.