ಹೊಲಕಾವಲಿಗೆ ಮಡಿಸುವ ಸೌರಫಲಕ: ಅದನ್ನು ಆರಿಸತಕ್ಕ ಕ್ರಮ

ಪೈರು ಕೊಯ್ಲಿಗೆ ಬರುವ ಕಾಲದಲ್ಲಿ ರೈತನಿಗೆ ಮನೆಗಿಂತ ಹೊಲವೇ ವಾಸಸ್ಥಾನವಾಗುವುದು ಎಲ್ಲರೂ ಬಲ್ಲ ಸಂಗತಿಯಾಗಿದೆ. ಮುಸುಕಿನ ಜೋಳ, ಕಡಲೆಕಾಯಿ, ಭತ್ತ ಮುಂತಾದ ಬೆಳೆಗಳ ಮೇಲೆ ಕಾಡುಹಂದಿಗಳು ಬೀಳುವ ಸೀಮೆಗಳಲ್ಲಿ ಅಟ್ಟಣೆಯ ಮೇಲೆ ಒಬ್ಬಿಬ್ಬರು ರಾತ್ರಿಯೆಲ್ಲ ಎಚ್ಚರವಾಗಿರಬೇಕಾಗುತ್ತದೆ. ಗೊಬ್ಬರಕ್ಕಾಗಿ ಹೊಲದಲ್ಲಿ ಕುರಿಮಂದೆಯನ್ನು ನಿಲ್ಲಿಸಿಕೊಂಡವರ ಜಮೀನಿನಲ್ಲಿ ಕುರಿಗಾಹಿಗಳು ವಾರಗಟ್ಟಲೆ ಬೀಡುಬಿಡುವುದುಂಟು. ಇವರೆಲ್ಲರ ಕೈಯಲ್ಲಿ ಈಗ ಇರತಕ್ಕ ಮುಖ್ಯ ಸಾಧನಗಳು ಎರಡು: ಒಂದು ಟಾರ್ಚು, ಮತ್ತೊಂದು ಮೊಬೈಲು. ಆನೆ ಊರಕಡೆ ತಿರುಗಿದರೆ ತಿಳಿಸುವುದಕ್ಕೂ, ಕಣಕ್ಕೆ ಬೆಂಕಿ ಬಿದ್ದರೆ ಜನವನ್ನು ಕೂಗುವುದಕ್ಕೂ, ಹಾವು ಕಚ್ಚಿದರೆ 108ರ ಆಂಬುಲೆನ್ಸನ್ನು ಕರೆಯುವುದಕ್ಕೂ ಮೊಬೈಲೇ ಗತಿ. ಆ ಹೊತ್ತಿನಲ್ಲಿ ಅದರ ಬ್ಯಾಟರಿ ಬರಿದಾಗಿದ್ದರೆ ಸಾಧನವಿದ್ದೂ ಇಲ್ಲದಂತೆಯೇ ಸರಿ.

ಈ ತೊಂದರೆಯನ್ನು ನೀಗಿಸಲು ಪುಸ್ತಕದಂತೆ ಮಡಿಸಿ ಚೀಲದಲ್ಲಿ ಒಯ್ಯಬಹುದಾದ ಸೌರಫಲಕಗಳು ಪೇಟೆಗೆ ಬಂದಿವೆ. ವಸ್ತುವು ಉಪಯುಕ್ತವಾದುದೇ. ಆದರೆ ಡಬ್ಬಿಯ ಮೇಲೆ ಅಚ್ಚಾದ ದೊಡ್ಡ ಅಂಕಿಯನ್ನು ನಂಬಿ ಕೊಂಡವರಲ್ಲಿ ಹಲವರು ಒಂದು ಮಳೆಗಾಲ ಕಳೆಯುವುದರೊಳಗೆ ಅದನ್ನು ಅಟ್ಟಕ್ಕೆ ಎಸೆಯುವಂತಾಗುತ್ತದೆ. ಇದಕ್ಕೆ ಕಾರಣವು ಬಹುಮಟ್ಟಿಗೆ ಆರಿಸುವ ಕ್ರಮದಲ್ಲಿಯೇ ಇದೆ. ಬಾವಿ ತೋಡಿಸುವವನು ಮೊದಲು ಎಷ್ಟು ಜಮೀನಿಗೆ ನೀರು ಬೇಕೆಂದು ಲೆಕ್ಕಹಾಕುವಂತೆ, ಫಲಕವನ್ನು ಕೊಳ್ಳುವವನು ಮೊದಲು ದಿನದ ಖರ್ಚನ್ನು ಗೊತ್ತುಮಾಡಿಕೊಳ್ಳಬೇಕು. ಬಳಿಕ ಶೇಖರಿಸುವ ಬ್ಯಾಟರಿಯನ್ನು ನಿಶ್ಚಯಿಸಬೇಕು. ಫಲಕದ ವಿಚಾರವು ಕಡೆಯಲ್ಲಿ ಬರತಕ್ಕದ್ದು.

1. ಯಾರಿಗೆ ಬೇಕು, ಯಾರಿಗೆ ಬೇಡ

ಮನೆಯಲ್ಲಿ ವಿದ್ಯುತ್ತಿದ್ದು, ಕಾವಲುಗಾರನು ಪ್ರತಿದಿನವೂ ಮನೆಗೆ ಬಂದು ಹೋಗುವಲ್ಲಿ ಫಲಕದ ಅಗತ್ಯವಿಲ್ಲ. ಮನೆಯಲ್ಲಿಯೇ ತುಂಬಿಸಿಕೊಂಡ ಒಂದು ಒಳ್ಳೆಯ ಪವರ್ ಬ್ಯಾಂಕು ಕಡಿಮೆ ಖರ್ಚಿನಲ್ಲಿ ಅದೇ ಕೆಲಸವನ್ನು ಮಾಡುವುದು. ಎರಡು ಮೂರು ದಿನಗಳಿಗೂ ಹೆಚ್ಚಾಗಿ ಹೊಲದಲ್ಲಿಯೇ ಉಳಿಯುವವರಿಗೂ, ಮಂದೆಯೊಡನೆ ಸಂಚರಿಸುವವರಿಗೂ, ವಿದ್ಯುತ್ತು ಆಗಾಗ ನಿಂತುಹೋಗುವ ಒಂಟಿಮನೆಗಳಿಗೂ ಮಾತ್ರ ಫಲಕವು ಪ್ರಯೋಜನಕಾರಿಯೆಂದು ತಿಳಿಯತಕ್ಕದ್ದು.

2. ದಿನದ ಖರ್ಚಿನ ಲೆಕ್ಕ

ವಿದ್ಯುತ್ತಿನ ಶೇಖರಣೆಯನ್ನು ವ್ಯಾಟ್-ಗಂಟೆಗಳಲ್ಲಿ ಅಳೆಯುವುದು ಕ್ರಮ. ಬ್ಯಾಟರಿಯ ಮೇಲೆ ಮಿಲಿ ಆಂಪಿಯರ್-ಗಂಟೆಗಳನ್ನು ಬರೆದಿರುತ್ತಾರೆ. ಅದನ್ನು 1,000ದಿಂದ ಭಾಗಿಸಿ, ಬ್ಯಾಟರಿಯ ವೋಲ್ಟಿನಿಂದ ಗುಣಿಸಿದರೆ ವ್ಯಾಟ್-ಗಂಟೆಗಳು ಬರುವುವು. ಲಿಥಿಯಂ ಬ್ಯಾಟರಿಗಳಿಗೆ ಈ ವೋಲ್ಟು 3.7ರಿಂದ 3.85ರ ವರೆಗೆ ಇರುವುದು. ಈ ರೀತಿಯಲ್ಲಿ 5,000ದ ಬ್ಯಾಟರಿಯುಳ್ಳ ದೊಡ್ಡ ಮೊಬೈಲಿಗೆ ಸುಮಾರು 19 ವ್ಯಾಟ್-ಗಂಟೆಗಳೂ, ಗುಂಡಿಗಳುಳ್ಳ ಚಿಕ್ಕ ಮೊಬೈಲಿಗೆ ಸುಮಾರು 4 ವ್ಯಾಟ್-ಗಂಟೆಗಳೂ, ಒಂದು ಲಿಥಿಯಂ ಬ್ಯಾಟರಿಯ ಟಾರ್ಚಿಗೆ ಸುಮಾರು 9 ವ್ಯಾಟ್-ಗಂಟೆಗಳೂ ಹಿಡಿಯುವುವು.

ಉದಾಹರಣೆಗೆ, ಇಬ್ಬರು ಕಾವಲುಗಾರರಿರುವ ಒಂದು ಅಟ್ಟಣೆಯಲ್ಲಿ ಈ ಮೂರು ಸಾಧನಗಳೂ ಇದ್ದು, ಮೂರೂ ದಿನಕ್ಕೊಮ್ಮೆ ಪೂರ್ತಿ ಬರಿದಾಗುವುವೆಂದು ಭಾವಿಸಿದರೆ, ಒಟ್ಟು ಖರ್ಚು 32 ವ್ಯಾಟ್-ಗಂಟೆಗಳಾಗುವುದು. ಮುಂದಿನ ಲೆಕ್ಕವೆಲ್ಲ ಈ ಅಟ್ಟಣೆಯನ್ನೇ ಅನುಸರಿಸಿದೆ.

3. ನಡುವೆ ಬ್ಯಾಟರಿ ಇರಬೇಕು

ಫಲಕದಿಂದ ನೇರವಾಗಿ ಮೊಬೈಲಿಗೆ ತಂತಿ ಹಾಕುವುದು ಅನೇಕರ ವಾಡಿಕೆ. ಇದರಲ್ಲಿ ಎರಡು ದೋಷಗಳಿವೆ. ಬಿಸಿಲು ಬಲವಾಗಿರುವ ಹೊತ್ತಿನಲ್ಲಿ ಮೊಬೈಲನ್ನು ಉಪಯೋಗಿಸದೆ ಬಿಸಿಲ ಬಳಿಯಲ್ಲಿ ಇಡಬೇಕಾಗುವುದು ಒಂದು. ಮೋಡ ಬಂದು ಹೋದಾಗಲೆಲ್ಲ ಚಾರ್ಜು ನಿಂತು, ಕೆಲವು ವೇಳೆ ಮತ್ತೆ ಆರಂಭವಾಗದಿರುವುದು ಮತ್ತೊಂದು. ಏತದ ನೀರನ್ನು ತೊಟ್ಟಿಯಲ್ಲಿ ನಿಲ್ಲಿಸಿಕೊಂಡು ಮಡಿಗಳಿಗೆ ಬಿಡುವಂತೆ, ಹಗಲಿನ ವಿದ್ಯುತ್ತನ್ನು ಪವರ್ ಬ್ಯಾಂಕಿನಲ್ಲಿ ಕೂಡಿಟ್ಟು ರಾತ್ರಿ ಸಾಧನಗಳಿಗೆ ಕೊಡುವುದೇ ಯುಕ್ತವಾದ ಮಾರ್ಗ.

ತೊಟ್ಟಿಯಲ್ಲಿ ನೀರು ಇಂಗುವಂತೆ ಇಲ್ಲಿಯೂ ನಷ್ಟವುಂಟು. 10,000ದ ಪವರ್ ಬ್ಯಾಂಕಿನಲ್ಲಿ 37 ವ್ಯಾಟ್-ಗಂಟೆಗಳಿದ್ದರೂ, ವೋಲ್ಟನ್ನು ಬದಲಾಯಿಸುವುದರಲ್ಲಿಯೂ ತಂತಿಯಲ್ಲಿಯೂ ಸುಮಾರು ಮೂರನೆಯ ಒಂದು ಪಾಲು ಕಳೆದು, 24ರಷ್ಟು ಮಾತ್ರ ಸಾಧನಗಳಿಗೆ ದೊರೆಯುವುದು. ಆದುದರಿಂದ ಮೇಲ್ಕಂಡ ಅಟ್ಟಣೆಗೆ 20,000ದ ಪವರ್ ಬ್ಯಾಂಕು ತಕ್ಕುದು. ಅದರಿಂದ ಸುಮಾರು 48 ವ್ಯಾಟ್-ಗಂಟೆಗಳು ದೊರೆತು, ಬಿಸಿಲಿಲ್ಲದ ಒಂದು ದಿನವನ್ನು ಕಳೆದು ಮಾರನೆಯ ಮಧ್ಯಾಹ್ನದ ವರೆಗೂ ಸಾಗುವುದು.

ಇನ್ನೊಂದು ಅಂಶವನ್ನೂ ಗಮನಿಸಬೇಕು. ಕೆರೆಯು ತುಂಬಿದ್ದರೂ ತೂಬಿನ ಅಳತೆಯಷ್ಟೇ ನೀರು ಹೊರಗೆ ಬರುವುದು. ಅದರಂತೆ ಫಲಕವು ಎಷ್ಟು ದೊಡ್ಡದಾದರೂ ಪವರ್ ಬ್ಯಾಂಕಿನ ಒಳದಾರಿಯು ಒಪ್ಪಿದಷ್ಟೇ ವಿದ್ಯುತ್ತು ಒಳಗೆ ಸೇರುವುದು. 5 ವೋಲ್ಟು 2 ಆಂಪಿಯರ್ ಎಂದು ಬರೆದಿರುವ ಒಳದಾರಿಯು 10 ವ್ಯಾಟಿಗೆ ಹೆಚ್ಚಾಗಿ ತೆಗೆದುಕೊಳ್ಳದು. ಅಂಥದಕ್ಕೆ 60 ವ್ಯಾಟಿನ ಫಲಕವನ್ನು ಜೋಡಿಸುವುದು ಹಣದ ಹಾಳು. 18 ವ್ಯಾಟನ್ನು ಸ್ವೀಕರಿಸುವ ಪವರ್ ಬ್ಯಾಂಕು ಸಿಕ್ಕಿದರೆ ಅದನ್ನು ಆರಿಸುವುದು ಮೇಲು. ಆಗ ಅದೇ 9 ವೋಲ್ಟನ್ನು ಫಲಕದ ಪೆಟ್ಟಿಗೆಯೂ ಕೊಡಬಲ್ಲುದೇ ಎಂದು ವಿಚಾರಿಸಬೇಕು. ಪವರ್ ಬ್ಯಾಂಕಿನ ಮೇಲೆ ಭಾರತೀಯ ಮಾನಕ ಸಂಸ್ಥೆಯ ನೋಂದಣಿ ಸಂಖ್ಯೆಯು ಇರಲೇಬೇಕು. ಇಲ್ಲದುದನ್ನು ಅಗ್ಗವೆಂದು ಕೊಳ್ಳಬಾರದು.

4. ಫಲಕದ ಪ್ರಮಾಣ

ಫಲಕದ ವ್ಯಾಟನ್ನು ಕಾರ್ಖಾನೆಯಲ್ಲಿ ಗೊತ್ತುಮಾಡುವಾಗ ಚದರ ಮೀಟರಿಗೆ 1,000 ವ್ಯಾಟಿನ ಬೆಳಕನ್ನು ಬೀಳಿಸಿ, ಬಿಲ್ಲೆಗಳನ್ನು 25 ಡಿಗ್ರಿ ಸೆಂಟಿಗ್ರೇಡಿನಲ್ಲಿ ಇಟ್ಟಿರುತ್ತಾರೆ. ಹೊಲದಲ್ಲಿ ಬೆಳಕು ಅಷ್ಟಿದ್ದರೂ ತಂಪು ಅಷ್ಟಿರುವುದಿಲ್ಲ. ಬೇಸಗೆಯ ಮಧ್ಯಾಹ್ನ ಬಿಲ್ಲೆಗಳು 60 ಡಿಗ್ರಿಯನ್ನು ಮುಟ್ಟುವುದುಂಟು. ಸಿಲಿಕಾನ್ ಬಿಲ್ಲೆಯು ಒಂದೊಂದು ಡಿಗ್ರಿ ಏರಿದಂತೆಲ್ಲ ತನ್ನ ಶಕ್ತಿಯಲ್ಲಿ ಶೇಕಡ 0.3ರಿಂದ 0.45ರಷ್ಟನ್ನು ಕಳೆದುಕೊಳ್ಳುವುದರಿಂದ, ಬಿಸಿಯೊಂದರಿಂದಲೇ ಶೇಕಡ 10ರಿಂದ 15ರಷ್ಟು ಕಡಿಮೆಯಾಗುವುದು. ಧೂಳು, ಓರೆಯಾದ ಬಿಸಿಲು, ತಂತಿಯ ನಷ್ಟ ಇವುಗಳನ್ನೂ ಸೇರಿಸಿದರೆ, ಬರೆದ ಅಂಕಿಯ ಶೇಕಡ 70ರಷ್ಟು ಸಿಕ್ಕಿದರೆ ತೃಪ್ತಿಪಡಬೇಕು.

ಬಯಲುಸೀಮೆಯಲ್ಲಿ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 5 ಗಂಟೆಗಳ ಪೂರ್ಣ ಬಿಸಿಲಿಗೆ ಸಮನಾದ ಬೆಳಕು ದೊರೆಯುವುದು. ನಮೂದಿಸಿದ ಅಟ್ಟಣೆಗೆ 32 ವ್ಯಾಟ್-ಗಂಟೆಗಳನ್ನು ಕೊಡಬೇಕಾದರೆ ಪವರ್ ಬ್ಯಾಂಕಿಗೆ ಸುಮಾರು 50 ಸೇರಬೇಕು. 15 ವ್ಯಾಟಿನ ಫಲಕವು ನಿರ್ಮಲವಾದ ದಿನದಲ್ಲಿ ಇಷ್ಟನ್ನು ಒದಗಿಸುವುದಾದರೂ, ಅರ್ಧ ಮೋಡವಿರುವ ದಿನಗಳನ್ನು ನೆನೆದು 30 ವ್ಯಾಟಿನದನ್ನು ತೆಗೆದುಕೊಳ್ಳುವುದು ಕ್ಷೇಮ. ಮಲೆನಾಡಿನಲ್ಲಿಯೂ ಕರಾವಳಿಯಲ್ಲಿಯೂ ಜೂನಿನಿಂದ ಸೆಪ್ಟೆಂಬರಿನ ವರೆಗೆ ಫಲಕವೊಂದನ್ನೇ ನಂಬಿ ಕೂಡುವುದು ವಿವೇಕವಲ್ಲ. ಆ ತಿಂಗಳುಗಳಲ್ಲಿ ಊರಿನಲ್ಲಿ ತುಂಬಿಸಿದ ಎರಡು ಪವರ್ ಬ್ಯಾಂಕುಗಳೇ ಹೆಚ್ಚು ಆಸರೆಯಾಗುವುವು.

5. ಅಡಿಕೋಲಿನ ಪರೀಕ್ಷೆ

ಸುಳ್ಳು ಅಂಕಿಯನ್ನು ಕಂಡುಹಿಡಿಯಲು ಒಂದು ಸುಲಭವಾದ ಉಪಾಯವಿದೆ. ಇಂದಿನ ಒಳ್ಳೆಯ ಏಕಸ್ಫಟಿಕ ಬಿಲ್ಲೆಗಳು, ಎಂದರೆ ವ್ಯಾಪಾರಿಗಳು ಮೋನೋ ಎಂದು ಕರೆಯುವುವು, ತಮ್ಮ ಮೇಲೆ ಬಿದ್ದ ಬೆಳಕಿನಲ್ಲಿ ಶೇಕಡ 20ರಿಂದ 23ರಷ್ಟನ್ನು ವಿದ್ಯುತ್ತಾಗಿ ಮಾರ್ಪಡಿಸುತ್ತವೆ. ಇದರಂತೆ ಒಂದು ಚದರ ಅಡಿಯ ಬಿಲ್ಲೆಗಳಿಂದ ಪೂರ್ಣ ಬಿಸಿಲಿನಲ್ಲಿ ಸುಮಾರು 20 ವ್ಯಾಟು ಬರಬಹುದೇ ಹೊರತು ಬಹಳ ಹೆಚ್ಚಾಗಿ ಬರಲಾರದು. ಆದುದರಿಂದ ಫಲಕವನ್ನು ಪೂರ್ತಿ ಬಿಚ್ಚಿ, ಬಟ್ಟೆಯ ಅಂಚನ್ನು ಬಿಟ್ಟು, ಕಪ್ಪಾದ ಬಿಲ್ಲೆಗಳ ಭಾಗವನ್ನು ಮಾತ್ರ ಅಳೆಯಬೇಕು. 30 ವ್ಯಾಟಿನ ಫಲಕದಲ್ಲಿ ಸುಮಾರು ಒಂದೂವರೆ ಚದರ ಅಡಿಯಷ್ಟು ಬಿಲ್ಲೆಗಳಿರಬೇಕು. ಅಂಗೈಯಗಲದ ನಾಲ್ಕು ಮಡಿಕೆಗಳಲ್ಲಿ 60 ವ್ಯಾಟು ಅಡಗಿದೆಯೆಂದು ಹೇಳುವವನ ಮಾತು ಗಣಿತಕ್ಕೆ ವಿರುದ್ಧವಾದುದು. ಪವರ್ ಬ್ಯಾಂಕಿನ ಬೆನ್ನಿಗೇ ಅಂಟಿಸಿರುವ ಒಂದೇ ಸಣ್ಣ ಫಲಕವು ಒಂದೆರಡು ವ್ಯಾಟಿಗೆ ಮೀರದೆ, ಅದನ್ನು ತುಂಬಲು ಹಲವು ದಿನಗಳನ್ನೇ ತೆಗೆದುಕೊಳ್ಳುವುದು.

6. ಕೊಳ್ಳುವಾಗ ನೋಡತಕ್ಕ ಇತರ ಅಂಶಗಳು

(ಅ) ಮೇಲ್ಪೊರೆ: ಇ.ಟಿ.ಎಫ್.ಇ. ಎಂಬ ಪೊರೆಯು ಬಿಸಿಲನ್ನು ಬಹುಕಾಲ ತಡೆಯುವುದು. ಪಿ.ಇ.ಟಿ. ಎಂಬುದು ಅಗ್ಗವಾದರೂ ಬೇಗ ಹಳದಿಯಾಗಿ ಸುಲಿಯುವ ಸ್ವಭಾವವುಳ್ಳುದು.

(ಆ) ನೀರಿನ ತಡೆ: ಐಪಿ ಎಂಬ ಅಕ್ಷರಗಳ ಮುಂದಿನ ಮೊದಲನೆಯ ಅಂಕಿಯು ಧೂಳಿಗೂ ಎರಡನೆಯದು ನೀರಿಗೂ ಸಂಬಂಧಪಟ್ಟುದು. 65 ಎಂದಿದ್ದರೆ ಧೂಳು ಒಳಗೆ ಹೋಗದು, ಚಿಮ್ಮುವ ನೀರನ್ನೂ ತಡೆಯುವುದು. ಆದರೆ ತಂತಿ ಚುಚ್ಚುವ ಪೆಟ್ಟಿಗೆಗೂ ಈ ರಕ್ಷಣೆ ಉಂಟೇ ಎಂಬುದನ್ನು ಬೇರೆಯಾಗಿ ವಿಚಾರಿಸಬೇಕು.

(ಇ) ಹೊರದಾರಿ: ಮೊಬೈಲಿಗೂ ಪವರ್ ಬ್ಯಾಂಕಿಗೂ ಯುಎಸ್‌ಬಿ ದಾರಿಯೇ ಬೇಕು. 18 ವೋಲ್ಟಿನ ದುಂಡನೆಯ ದಾರಿಯು ದೊಡ್ಡ ಬ್ಯಾಟರಿ ಪೆಟ್ಟಿಗೆಗಳಿಗೆ ಮೀಸಲು. ಅದನ್ನು ತಂತಿ ಕತ್ತರಿಸಿ ಮೊಬೈಲಿಗೆ ಜೋಡಿಸಿದರೆ ಮೊಬೈಲು ಸುಟ್ಟುಹೋಗುವುದು.

(ಈ) ಮಡಿಕೆಗಳು: ಮಡಿಸುವ ಗೆರೆಯೊಳಗೆ ತಂತಿಗಳು ಹಾದುಹೋಗುವುದರಿಂದ ಫಲಕವು ಮೊದಲು ಕೆಡುವುದು ಅಲ್ಲಿಯೇ. ಹೊಲಿಗೆಯು ಗಟ್ಟಿಯಾಗಿರಬೇಕು, ನಾಲ್ಕು ಮೂಲೆಗಳಲ್ಲಿಯೂ ಕಟ್ಟುವುದಕ್ಕೆ ಲೋಹದ ಕಣ್ಣುಗಳಿರಬೇಕು.

7. ಅಂಗಡಿಯ ಮುಂದೆಯೇ ಮಾಡತಕ್ಕ ಪರೀಕ್ಷೆ

ನಿರ್ಮಲವಾದ ದಿನದಲ್ಲಿ, 11 ಗಂಟೆಗೂ 2 ಗಂಟೆಗೂ ನಡುವೆ, ಬರಿದಾದ ಒಂದು ಪವರ್ ಬ್ಯಾಂಕಿನೊಡನೆ ಹೋಗಬೇಕು. ತುಂಬಿದ ಬ್ಯಾಟರಿಯು ವಿದ್ಯುತ್ತನ್ನು ಒಪ್ಪದ ಕಾರಣ ಅದರಿಂದ ಪರೀಕ್ಷೆ ಸಾಗದು. ಯುಎಸ್‌ಬಿ ಮೀಟರೆಂಬ ಕಿರುಸಾಧನವನ್ನು ನಡುವೆ ಸೇರಿಸಿ, ಅದು ತೋರಿಸುವ ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ನಿಜವಾದ ವ್ಯಾಟು ತಿಳಿಯುವುದು. ಪವರ್ ಬ್ಯಾಂಕು ತೆಗೆದುಕೊಳ್ಳುವಷ್ಟನ್ನು ಮಾತ್ರ ಮೀಟರು ತೋರಿಸುವುದರಿಂದ, ಎರಡು ದಾರಿಗಳಿದ್ದರೆ ಎರಡಕ್ಕೂ ಒಂದೊಂದು ಬ್ಯಾಟರಿಯನ್ನು ಹಾಕಿ ಮೊತ್ತವನ್ನು ನೋಡಬೇಕು. ಬಳಿಕ ಫಲಕವನ್ನು ಕಂಬಳಿಯಿಂದ ಒಂದು ನಿಮಿಷ ಮುಚ್ಚಿ ತೆಗೆಯಬೇಕು. ಯಾರೂ ತಂತಿಯನ್ನು ಮುಟ್ಟದೆ ಚಾರ್ಜು ತಾನಾಗಿ ಮತ್ತೆ ಆರಂಭವಾದರೆ ಒಳ್ಳೆಯದು. ಆಗದಿದ್ದರೆ, ಮೋಡವಾಡುವ ದಿನಗಳಲ್ಲಿ ಅದು ಪ್ರಯೋಜನಕ್ಕೆ ಬಾರದು. ರಸೀದಿಯನ್ನೂ ಖಾತರಿಯ ಬರಹವನ್ನೂ ತಪ್ಪದೆ ಪಡೆಯಬೇಕು.

8. ಹರಡುವ ಮತ್ತು ಕಾಪಾಡುವ ಕ್ರಮ

ಬಿಲ್ಲೆಗಳು ಒಂದಕ್ಕೊಂದು ಸಾಲಾಗಿ ಹೊಂದಿಕೊಂಡಿರುತ್ತವೆ. ಕಾಲುವೆಯ ಒಂದು ಕಡೆ ಮಣ್ಣು ಕುಸಿದರೆ ಮುಂದಿನ ಹೊಲಗಳೆಲ್ಲಕ್ಕೂ ನೀರು ತಗ್ಗುವಂತೆ, ಒಂದೇ ಬಿಲ್ಲೆಯ ಮೇಲೆ ಕೊಂಬೆಯ ನೆರಳು ಬಿದ್ದರೂ ಇಡೀ ಸಾಲಿನ ವಿದ್ಯುತ್ತು ಕುಗ್ಗುವುದು. ಆದಕಾರಣ ಮರದಡಿಯ ಚುಕ್ಕೆಬಿಸಿಲು ಉಪಯೋಗವಿಲ್ಲ. ಫಲಕದ ಮೇಲೆ ಒಂದು ಕಡ್ಡಿಯನ್ನು ನೆಟ್ಟಗೆ ಹಿಡಿದು, ಅದರ ನೆರಳು ಕಾಣದಂತಾಗುವ ವರೆಗೆ ಫಲಕವನ್ನು ತಿರುಗಿಸಿದರೆ ಅದು ಸೂರ್ಯನಿಗೆ ಸರಿಯಾಗಿ ಎದುರಾಗುವುದು. ಬೆಂಗಳೂರು ಮೈಸೂರುಗಳ ಕಡೆ ಏಪ್ರಿಲ್ ಕೊನೆಯ ಭಾಗದಲ್ಲಿಯೂ ಆಗಸ್ಟ್ ನಡುಭಾಗದಲ್ಲಿಯೂ ಮಧ್ಯಾಹ್ನದ ಸೂರ್ಯನು ನೆತ್ತಿಯ ಮೇಲಿರುವುದರಿಂದ ಫಲಕವನ್ನು ಮಟ್ಟಸವಾಗಿ ಹರಡಬಹುದು. ಡಿಸೆಂಬರಿನಲ್ಲಿ ಸುಮಾರು 36 ಡಿಗ್ರಿ ದಕ್ಷಿಣಕ್ಕೆ ವಾಲಿಸಬೇಕು.

ಕಾದ ಬಂಡೆಯ ಮೇಲೂ ತಗಡಿನ ಮೇಲೂ ಹರಡದೆ, ಕೆಳಗೆ ಗಾಳಿಯಾಡುವಂತೆ ಗೂಟಗಳಿಗೆ ಕಟ್ಟುವುದು ಉತ್ತಮ. ಪವರ್ ಬ್ಯಾಂಕನ್ನೂ ಮೊಬೈಲನ್ನೂ ಫಲಕದ ಹಿಂಬದಿಯ ನೆರಳಿನಲ್ಲಿ, ಗಾಳಿ ಬರುವಲ್ಲಿ ಇಡಬೇಕು; ಲಿಥಿಯಂ ಬ್ಯಾಟರಿಯನ್ನು 45 ಡಿಗ್ರಿಗೆ ಮೇಲ್ಪಟ್ಟ ಬಿಸಿಯಲ್ಲಿ ಚಾರ್ಜು ಮಾಡಬಾರದು. ಊದಿಕೊಂಡ ಬ್ಯಾಟರಿಯನ್ನು ಆ ಕ್ಷಣದಿಂದಲೇ ಉಪಯೋಗಿಸದೆ ಬಿಡಬೇಕು. ಅದರಿಂದ ಬೆಂಕಿಯ ಭಯವಿದೆ. ಬೆಳಿಗ್ಗೆ ಒದ್ದೆಬಟ್ಟೆಯಿಂದ ಧೂಳನ್ನು ಒರಸಬೇಕೇ ಹೊರತು ಬೂದಿಯಿಂದಲೂ ನಾರಿನಿಂದಲೂ ಉಜ್ಜಬಾರದು. ಇಬ್ಬನಿ ಆರಿದ ಮೇಲೆಯೇ ಮಡಿಸಬೇಕು. ಮೇಕೆಗಳೂ ದನಗಳೂ ತುಳಿಯದಂತೆ ಎತ್ತರದಲ್ಲಿ ಕಟ್ಟುವುದನ್ನು ಮರೆಯಬಾರದು.

9. ಗ್ರಾಮಮುಖ್ಯಸ್ಥರು ಮಾಡಬಹುದಾದುದು

ಊರಿನಲ್ಲಿ ಹತ್ತು ಮಂದಿ ಹತ್ತು ಬಗೆಯ ಫಲಕಗಳನ್ನು ಕೊಂಡು ಕೈಸುಟ್ಟುಕೊಳ್ಳುವುದಕ್ಕೆ ಬದಲಾಗಿ, ಮುಖ್ಯಸ್ಥರಲ್ಲಿಯೂ ಜಮೀನುದಾರರಲ್ಲಿಯೂ ಅನುಕೂಲವುಳ್ಳ ಒಬ್ಬರು ಮೊದಲು ಒಂದನ್ನು ತಂದು, ಒಂದು ಯುಎಸ್‌ಬಿ ಮೀಟರಿನೊಡನೆ ಹದಿನೈದು ದಿನಗಳ ಲೆಕ್ಕವನ್ನು ಬರೆದಿಟ್ಟರೆ, ಅದು ಊರಿಗೆಲ್ಲ ದಾರಿತೋರುವುದು. ಎಷ್ಟು ದಿನ ಬಿಸಿಲಿತ್ತು, ಎಷ್ಟು ವ್ಯಾಟು ಬಂತು, ಬೆಳಗಿನ ಜಾವದಲ್ಲಿ ಕಾವಲುಗಾರನ ಮೊಬೈಲಿನಲ್ಲಿ ಎಷ್ಟು ಉಳಿದಿತ್ತು ಎಂಬ ಮೂರು ಅಂಕಣಗಳು ಸಾಕು. ಇವುಗಳಲ್ಲಿ ಕಡೆಯದೇ ಮುಖ್ಯವಾದುದು. ಹಗಲಿನಲ್ಲಿ ಫಲಕವು ಎಷ್ಟು ಹೊಳೆಯಿತೆಂಬುದು ಅದರ ಯೋಗ್ಯತೆಗೆ ಅಳತೆಯಲ್ಲ. ಅಟ್ಟಣೆಯಲ್ಲಿರುವವನು ಅಪರಾತ್ರಿಯಲ್ಲಿ ಕರೆದಾಗ ಆ ಕರೆಯು ಊರಿಗೆ ಮುಟ್ಟಿತೇ ಎಂಬುದೇ ಅಳತೆ.