ಉಪಗ್ರಹದ ಸಾಲಿನ ಬಾಯಿ ಕಟ್ಟಬೇಡ

ಜಿಪಿಎಸ್ ಮಾಡ್ಯೂಲಿಗೆ ವೈರು ಜೋಡಿಸಿ ಇನ್ನೂ ಅರ್ಧ ನಿಮಿಷವಾಗಿಲ್ಲ, ಆಗಲೇ ‘ಇದು ಕೆಟ್ಟಿದೆ’ ಅಂತ ತೀರ್ಪು ಕೊಟ್ಟುಬಿಟ್ಟೆಯಲ್ಲ ಮಗು! ಆತುರಗಾರನಿಗೆ ಬುದ್ಧಿ ಮಟ್ಟ ಅನ್ನುವುದು ಸುಮ್ಮನೆ ಅಲ್ಲ. ಉಪಗ್ರಹ ತನ್ನ ಕಕ್ಷೆಯ ವಿವರವನ್ನು 30 ಸೆಕೆಂಡಿಗೊಮ್ಮೆ ಹೇಳುತ್ತದೆ. ಅದು ಹೇಳಿ ಮುಗಿಸಲಿ, ತಾಳು. ನಾನು ಕಂಡಂತೆ, ಕೆಟ್ಟ ಮಾಡ್ಯೂಲಿಗಿಂತ ಗೋಡೆ ಮರೆಯಲ್ಲಿಟ್ಟ ಆಂಟೆನಾನೇ ಹೆಚ್ಚು.

ನಿನ್ನ ಇನ್ನೊಂದು ಚಾಳಿಯೂ ಗೊತ್ತು. ಮಾಡ್ಯೂಲ್ ಕಳಿಸುವ ಸಾಲುಗಳು ಪರದೆ ತುಂಬ ಸುರಿಯುತ್ತವೆ ಅಂತ, ಉಪಗ್ರಹಗಳ ಸುದ್ದಿ ಹೇಳುವ ಜಿಎಸ್‌ವಿ, ಜಿಎಸ್‌ಎ ಎರಡನ್ನೂ ಮೊದಲ ದಿನವೇ ಬಂದ್ ಮಾಡುತ್ತೀಯ. ಜಿಜಿಎ ಸಾಲಿನ ಅಕ್ಷಾಂಶ, ರೇಖಾಂಶ ಸಾಕು ಅನ್ನುತ್ತೀಯ. ಸಾಲದು. ಊರಿಂದ ಫೋನ್ ಬಂದರೆ ‘ಚೆನ್ನಾಗಿದ್ದೀನಿ’ ಅನ್ನುವ ಮಾತಿಗಿಂತ ದನಿ ಹೇಗಿದೆ ಅಂತ ಕೇಳಿಸಿಕೊಳ್ಳುತ್ತೇವಲ್ಲ, ಇಲ್ಲೂ ಹಾಗೆಯೇ.

ಜಿಎಸ್‌ವಿಯನ್ನು ಒಮ್ಮೆ ಬಿಡಿಸಿ ಓದು. ಒಂದು ಸಾಲಿನಲ್ಲಿ ಹೆಚ್ಚೆಂದರೆ ನಾಲ್ಕು ಉಪಗ್ರಹ. ಪ್ರತಿಯೊಂದಕ್ಕೂ ಅದರ ಸಂಖ್ಯೆ, ದಿಗಂತದಿಂದ ಎಷ್ಟು ಮೇಲೆ, ಯಾವ ದಿಕ್ಕು, ಸಿಗ್ನಲ್ ಎಷ್ಟು ಗಟ್ಟಿ. ಈ ಕೊನೆಯ ಅಂಕಿ 40ರ ಆಸುಪಾಸಿದ್ದರೆ ನೆಮ್ಮದಿ. ಎಲ್ಲವೂ 20ರ ಹತ್ತಿರ ತೆವಳುತ್ತಿದ್ದರೆ ಆಂಟೆನಾ ಎತ್ತಿಕೊಂಡು ಬಯಲಿಗೆ ನಡೆ. ಆ ಅಂಕಿಯ ಜಾಗ ಖಾಲಿಯಿದ್ದರೆ ಉಪಗ್ರಹ ಆಕಾಶದಲ್ಲಿದೆ, ನಿನ್ನ ರಿಸೀವರಿಗೆ ಸಿಕ್ಕಿಲ್ಲ. ಇನ್ನು ಜಿಎಸ್‌ಎಯಲ್ಲಿ ಸ್ಥಾನ ಸಿಕ್ಕಿತೇ ಅನ್ನುವ ಅಂಕಿ 3 ಅಂದರೆ ಎತ್ತರವೂ ಸೇರಿ ಲೆಕ್ಕ ಕೂಡಿದೆ. 1 ಅಂದರೆ ಏನೂ ಕೂಡಿಲ್ಲ.

ಸಾಲು ಜಾಸ್ತಿ ಅನ್ನುವ ನಿನ್ನ ದೂರು ಸುಳ್ಳಲ್ಲ. 9600 ಬಾಡ್‌ನಲ್ಲಿ ಸೆಕೆಂಡಿಗೆ 960 ಅಕ್ಷರ ಹರಿಯುತ್ತದೆ, ಅಷ್ಟೇ. ಸೆಕೆಂಡಿಗೆ ಐದು ಸಲ ಜಾಗ ಕೇಳಿದರೆ ಒಂದು ಸರದಿಗೆ ಸಿಗುವುದು 192. ಮೂರು ತುಂಬಿದ ಜಿಎಸ್‌ವಿ ಸಾಲೇ ಅದನ್ನು ನುಂಗಿಬಿಡುತ್ತವೆ. ಹಾಗಂತ ಬಾಯಿ ಕಟ್ಟಬೇಡ, ಹಿತಮಿತ ಮಾಡು. ಯು-ಬ್ಲಾಕ್ಸ್ ನಿಯೋ-6ಎಂ ಇದ್ದರೆ ಸಿಎಫ್‌ಜಿ-ಎಂಎಸ್‌ಜಿ ಕಮಾಂಡಿನಲ್ಲಿ ಜಿಎಸ್‌ವಿಗೆ 10 ಕೊಡು. ಹತ್ತು ಸರದಿಗೊಮ್ಮೆ ಬರುತ್ತದೆ. ಬಾಡ್ 38400ಕ್ಕೆ ಏರಿಸಿದರೆ ಇನ್ನೂ ನಿರಾಳ.

ಕಮಾಂಡ್ ಕಳಿಸಿದ ಕೂಡಲೇ ಎದ್ದು ಓಡಬೇಡ. ಒಪ್ಪಿದೆ ಅನ್ನುವ ‘ಆಕ್’ ಉತ್ತರ ಬಂತೇ, ನೋಡು. ಆಮೇಲೆ ಸಿಎಫ್‌ಜಿ-ಸಿಎಫ್‌ಜಿಯಿಂದ ಸೇವ್ ಮಾಡು. ಬ್ಯಾಟರಿ ನಂಬಿಕೊಂಡ ಮೆಮೊರಿಯಾದರೆ, ಬ್ಯಾಟರಿ ಇಳಿದ ದಿನ ಎಲ್ಲ ಮರೆತಿರುತ್ತದೆ. ಅದಕ್ಕೇ ಪ್ರತಿ ಸಲ ಶುರುವಾದಾಗಲೂ ನಿನ್ನ ಪ್ರೋಗ್ರಾಮೇ ಈ ಕಮಾಂಡುಗಳನ್ನು ಮತ್ತೆ ಕಳಿಸಲಿ.

ನೀನು ಕಟ್ಟಿದ ಡ್ರೋನ್ ಒಂದು ದಿನ ದಾರಿ ತಪ್ಪಿದರೆ, ಏಕೆ ತಪ್ಪಿತು ಅಂತ ಹೇಳುವ ಸಾಕ್ಷಿ ಆ ಸಾಲುಗಳೇ. ಇವತ್ತೇ ಅವನ್ನು ಆನ್ ಮಾಡು, ಲಾಗ್‌ನಲ್ಲಿ ಬರೆದಿಡು.