ಬುಟ್ಟಿಯ ಕಣ್ಣು ಮತ್ತು ಅತಿವಾಹಕತೆ: ಒಂದು ಅಭ್ಯಾಸ ಪಾಠ

ಹತ್ತನೇ ತರಗತಿಯಲ್ಲಿ ರೋಧಶೀಲತೆಯ ಪಾಠ ಮುಗಿಯುವ ಹೊತ್ತಿಗೆ ಒಂದು ಪ್ರಶ್ನೆ ಏಳುತ್ತದೆ: ರೋಧ ಪೂರ್ತಿ ಸೊನ್ನೆಯಾಗಬಹುದೇ? ಜಾವಳಿಯ ಅಭ್ಯಾಸ ಬೋಧನೆಯಲ್ಲಿ ನಾನು ಅದಕ್ಕೆಂದೇ ಒಂದು ಅವಧಿ ಮೀಸಲಿಟ್ಟೆ.

1911ರಲ್ಲಿ ಕ್ಯಾಮರ್ಲಿಂಗ್ ಓನ್ನೆಸ್ ಪಾದರಸವನ್ನು ಸುಮಾರು 4.2 ಕೆಲ್ವಿನ್‌ಗೆ ತಣಿಸಿದಾಗ ಅದರ ರೋಧ ಥಟ್ಟನೆ ಇಲ್ಲವಾಯಿತು. ಈ ಕಥೆಯನ್ನು ಚುಟುಕಾಗಿ ಹೇಳಿ ಹೊಸ ಉದಾಹರಣೆಗೆ ಬಂದೆ. ಸೀಸಿಯಂ, ವೆನೇಡಿಯಂ, ಆಂಟಿಮನಿ ಸೇರಿದ, ಪದರುಪದರಾದ ಒಂದು ಟೊಪೊಲಾಜಿಕಲ್ ಲೋಹವಿದೆ. ಅದು ಸುಮಾರು 2.5 ಕೆಲ್ವಿನ್‌ಗಿಂತ ಕೆಳಗೆ ಅತಿವಾಹಕವಾಗುವುದು 2020ರಲ್ಲಿ ವರದಿಯಾಯಿತು. ಅದರ ವೆನೇಡಿಯಂ ಪರಮಾಣುಗಳು ಕೂತಿರುವ ಜಾಲಕ್ಕೆ ‘ಕಾಗೊಮೆ’ ಎಂದು ಹೆಸರು. ಜಪಾನಿ ಭಾಷೆಯಲ್ಲಿ ಬುಟ್ಟಿಯ ಕಣ್ಣು ಎಂದರ್ಥ. ಬಲೆಗೂ ಜರಡಿಗೂ ‘ಕಣ್ಣು’ ಎನ್ನುವ ನಮ್ಮ ಮಕ್ಕಳಿಗೆ ಬೇರೆ ವಿವರಣೆ ಬೇಕಾಗಲಿಲ್ಲ.

ಆರು ಮೂಲೆಯ ಕಣ್ಣು ಬರುವಂತೆ ಹೆಣೆದ, ಕೋಳಿ ಮುಚ್ಚುವ ಬಿದಿರು ಬುಟ್ಟಿಯೇ ಬೋಧನೋಪಕರಣ. ಎರಡು ದಬ್ಬೆಗಳು ಹಾಯುವಲ್ಲೆಲ್ಲ ಬಣ್ಣದ ಚುಕ್ಕೆ ಇಡಿಸಿದೆ. ಒಂದು ಚುಕ್ಕೆಗೆ ಹತ್ತಿರದ ನೆರೆಯವರೆಷ್ಟು? ನಾಲ್ಕು. ಅದರ ಸುತ್ತ ಎರಡು ತ್ರಿಭುಜ, ಎರಡು ಷಡ್ಭುಜ. “ಅಂಚಲ್ಲಿ ನಾಲ್ಕು ಸಿಗಲ್ಲ ಸಾರ್” ಎಂದಳು ಒಬ್ಬಳು. ಹರಳಿನ ಮೇಲ್ಮೈ ಒಳಭಾಗದಂತಲ್ಲ ಎಂದು ಹೇಳಲು ಇದಕ್ಕಿಂತ ಒಳ್ಳೆಯ ಅವಕಾಶ ಎಲ್ಲಿ?

ಮುಂದೆ ಬುಟ್ಟಿಯನ್ನು ಅಮುಕಿಸಿದೆ. ಆಕಾರ ಸೊಟ್ಟಗಾಯಿತು, ಯಾವ ದಬ್ಬೆ ಮೇಲೆ, ಯಾವುದು ಕೆಳಗೆ ಎಂಬುದು ಬದಲಾಗಲಿಲ್ಲ. ದಬ್ಬೆ ಕತ್ತರಿಸದೆ, ಎಳೆದು ತೆಗೆಯದೆ ಅದು ಬದಲಾಗದು. ಟೊಪೊಲಾಜಿಕಲ್ ಗುಣ ಎಂದರೆ ಹೀಗೆ ಅಮುಕಿದರೂ ಕೆಡದ ಗುಣ.

ಉಪಮಾನವನ್ನು ನಿಲ್ಲಿಸಬೇಕಾದದ್ದು ಇಲ್ಲೇ. ಬಿಟ್ಟರೆ ಪರಮಾಣುಗಳ ಜಾಲವೇ ‘ಟೊಪೊಲಾಜಿಕಲ್’ ಎಂದು ಮಕ್ಕಳು ಬರೆದುಕೊಳ್ಳುತ್ತಾರೆ. ಬುಟ್ಟಿಯನ್ನು ಮೇಜಿನಡಿ ಇಟ್ಟು ಹಲಗೆಯ ಮೇಲೆ ಎರಡು ಕಂಬಸಾಲು ಬರೆದೆ: ಕಾಣುವ ಹೆಣಿಗೆ ಪರಮಾಣುಗಳದ್ದು, ಕಾಣದ ಹೆಣಿಗೆ ಎಲೆಕ್ಟ್ರಾನುಗಳ ಸ್ಥಿತಿಗಳದ್ದು. ಆ ಗುಣ ಇರುವುದು ಎರಡನೆಯದರಲ್ಲಿ. ಅತಿವಾಹಕತೆ ಮತ್ತೊಂದು ಸಂಗತಿ: ತಂಪಿನಲ್ಲಿ ಎಲೆಕ್ಟ್ರಾನುಗಳು ಜೋಡಿಯಾಗಿ, ಎಲ್ಲ ಜೋಡಿಗಳೂ ಒಂದಾಗಿ ಸಾಗುತ್ತವೆ. ಈ ಲೋಹದಲ್ಲಿ ಜೋಡಿ ಕೂಡುವ ಬಗೆ ಇನ್ನೂ ಸಂಶೋಧನೆಯಲ್ಲಿದೆ ಎಂದೂ ಹೇಳಿದೆ. ವಿಜ್ಞಾನ ಮುಗಿದ ಪುಸ್ತಕವಲ್ಲವೆಂದು ತಿಳಿದರೆ ಮಕ್ಕಳ ಕಿವಿ ನೆಟ್ಟಗಾಗುತ್ತದೆ.

“ಹಾಗಾದ್ರೆ ಮಳೆಗಾಲದಲ್ಲಿ ಕರೆಂಟು ಹೋಗಲ್ವಾ ಸಾರ್?” ಮರ ಬಿದ್ದು ತಂತಿ ಹರಿಯುವುದು ರೋಧದ ಸಮಸ್ಯೆಯಲ್ಲ ಎಂದು ಬೇರ್ಪಡಿಸಬೇಕಾಯಿತು. ಜೊತೆಗೆ, ದ್ರವ ಹೀಲಿಯಂ ಕುದಿಯುವುದೇ 4.2 ಕೆಲ್ವಿನ್‌ನಲ್ಲಿ; ಈ ಲೋಹಕ್ಕೆ ಅದಕ್ಕಿಂತಲೂ ತಂಪು ಬೇಕು.

ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ: ತಾಮ್ರವನ್ನು ತಣಿಸುತ್ತ ಹೋದಾಗಿನ ಮತ್ತು ಪಾದರಸವನ್ನು ತಣಿಸುತ್ತ ಹೋದಾಗಿನ ರೋಧದ ನಕ್ಷೆ ಬರೆಯಿರಿ. ತಾಮ್ರದ ಗೆರೆ ಇಳಿಯುತ್ತ ಬಂದು ಸೊನ್ನೆ ಮುಟ್ಟದೆ ಉಳಿಯಬೇಕು. ಪಾದರಸದ್ದು ಒಂದೆಡೆ ಕಡಿದಂತೆ ಸೊನ್ನೆಗೆ ಬೀಳಬೇಕು.